ಪಿಯಾನೊದ ಟ್ಯೂನಿಂಗ್ ಪಿನ್ ಮುರಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಕ್ಯಾಂಪಿನಲ್ಲಿ, ಅಂದರೆ ದಂಡು ಪ್ರದೇಶದಲ್ಲಿ, ಹಳೇ ಪಿಯಾನೊಗಳು ಇನ್ನೂ ಉಳಿದಿವೆ. ಕೆಲವು ಚರ್ಚಿನಲ್ಲಿವೆ, ಕೆಲವು ಶಾಲೆಯ ಹಾಲಿನಲ್ಲಿ, ಇನ್ನು ಕೆಲವು ಗೋವಾದ ಕಡೆಯಿಂದ ಬಂದು ನೆಲೆಸಿದವರ ಮನೆಗಳಲ್ಲಿ. ಅವುಗಳನ್ನು ಶ್ರುತಿ ಮಾಡುವುದು, ರಿಪೇರಿ ಮಾಡುವುದು ನನ್ನ ಕೆಲಸ. ಈ ಕೆಲಸದಲ್ಲಿ ಜನ ಗಾಬರಿಯಿಂದ ಫೋನ್ ಮಾಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ತಂತಿ ಸುತ್ತಿ ಸ್ವರ ಏರಿಸಿ ಇಳಿಸುವ ಪಿನ್ ಮುರಿಯಿತು. ಎದುರಿಗೆ, ಫೋನಿನಲ್ಲಿ, ಒಮ್ಮೊಮ್ಮೆ ಪತ್ರದಲ್ಲಿ ಕೇಳಿದ್ದನ್ನೆಲ್ಲ ಅವರವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

ಓದುವ ಮುಂಚೆ ಒಂದು ಮಾತು ತಲೆಯಲ್ಲಿರಲಿ. ಪಿನ್ನು ಉಕ್ಕಿನದು, ಹೊಸದು ಸಿಗುತ್ತದೆ. ಅದು ಕೂತಿರುವ ತೂತು ಮರದ್ದು, ಆ ತೂತು ಪಿಯಾನೊದ ಜೊತೆಗೇ ಹುಟ್ಟಿದ್ದು. ಕೆಳಗೆ ನಾನು ಬೇಡ ಎಂದದ್ದೆಲ್ಲ ಆ ತೂತನ್ನು ಉಳಿಸುವುದಕ್ಕೆ.

## ಮೊದಲು ತಿಳಿಯಬೇಕಾದ್ದು

“ಪಿನ್ ತುಂಡಾಗೇತ್ರೀ. ಪಿಯಾನೊನ ಹೋತೇನು?”

ಇಲ್ಲ. ಒಂದು ಪಿಯಾನೊದಲ್ಲಿ ಸುಮಾರು 220ರಿಂದ 230 ಪಿನ್ ಇರುತ್ತವೆ. ಅದರಲ್ಲಿ ಒಂದು ಹೋಗಿದೆ. ನಡುವಿನ ಮತ್ತು ಮೇಲಿನ ಸ್ವರಗಳಿಗೆ ಮೂರು ಮೂರು ತಂತಿ ಇರುವುದರಿಂದ ಒಂದೆರಡು ಸಡಿಲವಾದರೂ ಸ್ವರ ಪೂರ್ತಿ ನಿಲ್ಲುವುದಿಲ್ಲ. ಕೆಳಗಿನ ದಪ್ಪ ಸ್ವರಗಳಿಗೆ ಒಂದೇ ತಂತಿ. ಅಲ್ಲಿ ಪಿನ್ ಮುರಿದರೆ ಮಾತ್ರ ಆ ಕೀ ಮೂಕವಾಗುತ್ತದೆ.

ಭಾನುವಾರ ನುಡಿಸಲೇಬೇಕು ಅಂತಿದ್ದರೆ, ಸಡಿಲವಾದ ತಂತಿ ಪಕ್ಕದ್ದಕ್ಕೆ ತಾಗಿ ಗರಗರ ಅನ್ನದ ಹಾಗೆ ನಡುವೆ ಉಣ್ಣೆ ಬಟ್ಟೆಯ ಒಂದು ಪಟ್ಟಿ ತೂರಿಸಿ. ಉಳಿದದ್ದನ್ನು ಸೋಮವಾರ ನೋಡಬಹುದು.

“ಟ್ಯೂನಿಂಗ್ ಪಿನ್ ಅಂದ್ರೆ ತಂಬೂರಿಯ ಬಿರಡೆ ಥರಾನೇ ಅಲ್ವಾ?”

ಕೆಲಸ ಅದೇ. ತಂತಿ ಸುತ್ತಿಕೊಂಡು, ತಿರುಗಿಸಿದಾಗ ಸ್ವರ ಏರಿಸುವುದು ಇಳಿಸುವುದು. ಆದರೆ ಬಿರಡೆಯನ್ನು ಬೆರಳಲ್ಲಿ ತಿರುಗಿಸಬಹುದು, ಇದನ್ನು ಆಗುವುದಿಲ್ಲ. ಪಿಯಾನೊದ ಒಂದೊಂದು ತಂತಿ ಸುಮಾರು 70–80 ಕೆ.ಜಿ. ಎಳೆತದಲ್ಲಿ ನಿಂತಿರುತ್ತದೆ. ಎಲ್ಲ ತಂತಿಗಳ ಎಳೆತ ಕೂಡಿಸಿದರೆ 15ರಿಂದ 20 ಟನ್ ಆಗುತ್ತದೆ. ಅಷ್ಟನ್ನು ತಡೆಯಲಿಕ್ಕೆ ಒಳಗೆ ಬೀಡಿನ, ಅಂದರೆ ಎರಕದ ಕಬ್ಬಿಣದ, ದೊಡ್ಡ ಚೌಕಟ್ಟು ಇದೆ. ಅದರ ಹಿಂದೆ ಪಿನ್ ಹಲಗೆ ಇದೆ. ಮೇಪಲ್ ಅಥವಾ ಬೀಚ್‌ನಂಥ ಗಟ್ಟಿ ಮರದ ಪದರಗಳನ್ನು ಎಳೆ ಅಡ್ಡಡ್ಡ ಬರುವ ಹಾಗೆ ಅಂಟಿಸಿ ಮಾಡಿದ ಹಲಗೆ ಅದು.

ಪಿನ್ನು 7 ಮಿ.ಮೀ. ದಪ್ಪದ, ಸುಮಾರು 6 ಸೆಂ.ಮೀ. ಉದ್ದದ ಉಕ್ಕಿನ ಕಡ್ಡಿ. ತಲೆ ಚೌಕ. ಅದರ ಕೆಳಗೆ ಸೂಜಿಯ ಕಣ್ಣಿನ ಹಾಗೆ ಒಂದು ತೂತು, ತಂತಿಯ ತುದಿ ಅದರೊಳಗೆ ಹೋಗುತ್ತದೆ. ಅದಕ್ಕೂ ಕೆಳಗೆ, ಹಲಗೆಯಲ್ಲಿ ಕೂರುವ ಭಾಗಕ್ಕೆ ತುಂಬಾ ಸಣ್ಣ ಥ್ರೆಡ್ ಇರುತ್ತದೆ. ಸ್ಕ್ರೂವಿನ ಹಾಗೆ ಕಚ್ಚುವ ಥ್ರೆಡ್ ಅಲ್ಲ ಇದು. ಪಿನ್ ನಿಂತಿರುವುದು ಬಿಗಿಯಾದ ತೂತಿನ ಹಿಡಿತದಿಂದಲೇ. ನಟ್ಟು ಇಲ್ಲ, ಅಂಟೂ ಇಲ್ಲ.

“ನಾನೇನು ಜೋರು ಮಾಡ್ಲಿಲ್ಲ. ಸುಮ್ನೆ ತಿರುವಿದೆ, ಪಟ್ ಅಂತು. ಯಾಕೆ?”

ಮುರಿದ ತುಂಡು ಇದ್ದರೆ ಕಿಟಕಿಯ ಬೆಳಕಿಗೆ ಹಿಡಿದು ಮುರಿದ ಮುಖ ನೋಡಿ. ತುಂಬಾ ಸಲ ಅದರಲ್ಲಿ ಎರಡು ಬಣ್ಣ ಕಾಣುತ್ತದೆ. ಒಂದು ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಕಂದು ಕಲೆ ಇರುತ್ತದೆ. ಉಳಿದದ್ದು ಬೆಳ್ಳಗೆ, ಕಲ್ಲುಸಕ್ಕರೆ ಒಡೆದ ಹಾಗೆ ಮಿನುಗುತ್ತದೆ. ಕಂದು ಭಾಗ ಹಳೇ ಬಿರುಕು. ಅಲ್ಲಿಗೆ ವರ್ಷಗಟ್ಟಲೆ ಗಾಳಿ ತೇವ ಹೋಗಿ ತುಕ್ಕು ಹಿಡಿದಿದೆ. ಬೆಳ್ಳಗಿರುವಷ್ಟೇ ಇವತ್ತು ಮುರಿದದ್ದು. ಹಾಗೆ ಕಂಡರೆ ತಪ್ಪು ನಿಮ್ಮದಲ್ಲ, ಪಿನ್ನು ಮೊದಲೇ ಅರ್ಧ ಹೋಗಿತ್ತು. ಮುಖ ಪೂರ್ತಿ ಬೆಳ್ಳಗಿದ್ದರೆ ಮಾತ್ರ ಕೈಯ ಜೋರನ್ನು ಯೋಚಿಸಬೇಕು.

ಮುರಿಯುವ ಜಾಗ ಹೆಚ್ಚಾಗಿ ಆ ಕಣ್ಣು. ತೂತು ಕೊರೆದ ಕಡೆ ಉಕ್ಕು ಕಡಿಮೆ, ತಾಕತ್ತೂ ಕಡಿಮೆ. ಅದರ ಮೇಲೆ ಮಳೆಗಾಲದ ತುಕ್ಕು ಸೇರುತ್ತದೆ. ಇನ್ನೊಂದು ಕಾರಣ, ಪಿನ್ನಿನ ತಲೆಗೆ ಹಾಕಿ ತಿರುಗಿಸುವ ಟ್ಯೂನಿಂಗ್ ಲಿವರ್ ಹಿಡಿಯುವ ರೀತಿ. ಪಿನ್ನನ್ನು ತಿರುಗಿಸುವ ಬದಲು ಬಗ್ಗಿಸುತ್ತಾ ಬಂದರೆ, ತಂತಿಯನ್ನು ಹಿಂದೆ ಮುಂದೆ ಮಣಿಸಿ ಮುರಿಯುತ್ತೇವಲ್ಲ, ಅದೇ ಆಗುತ್ತದೆ. ನಿಂತ ಪಿಯಾನೊದಲ್ಲಿ (ಅಪ್‌ರೈಟ್) ಲಿವರ್‌ನ ಹಿಡಿ ಗಡಿಯಾರದ 12 ಮತ್ತು 1ರ ನಡುವೆ ಇದ್ದರೆ ಬಗ್ಗುವುದು ಕಡಿಮೆ.

“ಮುರಿದ ಕೂಡ್ಲೆ ಏನು ಮಾಡ್ಬೇಕು?”

ಕೈ ತೆಗೆಯಿರಿ, ಮತ್ತೆ ತಿರುಗಿಸಬೇಡಿ. ಆಮೇಲೆ ತಂತಿ ಬಿಗಿಯಾಗಿಯೇ ಇದೆಯೋ ಸಡಿಲವಾಗಿದೆಯೋ ನೋಡಿ. ಇದು ಮುಖ್ಯ.

ಪಿನ್ನಿನ ಕಣ್ಣಿನಲ್ಲಿ ಮುರಿದರೆ ತಂತಿಯ ಸುರುಳಿ ಜಾರಿ ಬಂದಿರುತ್ತದೆ, ಅಪಾಯ ಇಲ್ಲ. ಕಣ್ಣಿಗಿಂತ ಮೇಲೆ, ಚೌಕದ ತಲೆಯಷ್ಟೇ ಹಾರಿದ್ದರೆ ತಂತಿ ಇನ್ನೂ ಪೂರ್ತಿ ಎಳೆತದಲ್ಲಿ ಇರುತ್ತದೆ. ಅದನ್ನು ಕಟಿಂಗ್ ಪ್ಲೈಯರ್ ಹಾಕಿ ಕತ್ತರಿಸಬೇಡಿ. 70 ಕೆ.ಜಿ. ಎಳೆತದ ಉಕ್ಕಿನ ತಂತಿ ಬಿಟ್ಟುಕೊಂಡರೆ ನಿಮ್ಮ ಕಣ್ಣಿಗೆ ಬಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಉಳಿದ ಮೊಂಡನ್ನು ಗಟ್ಟಿಯಾಗಿ ಹಿಡಿದು, ನಿಧಾನ ಎಡಕ್ಕೆ ತಿರುಗಿಸಿ ತಂತಿಯನ್ನು ಸಡಿಲ ಬಿಡಬೇಕು. ಹೇಗೆ ಹಿಡಿಯುವುದು ಅಂತ ಮುಂದೆ ಬರೆದಿದ್ದೇನೆ.

ತುಂಡು ಎಲ್ಲಿ ಬಿತ್ತು ಹುಡುಕಿ. ಕೀಗಳ ನಡುವೆ ಬಿದ್ದ ಉಕ್ಕಿನ ಚೂರು ಮುಂದೆ ಬೇರೆ ತೊಂದರೆ ಕೊಡುತ್ತದೆ. ಒಂದು ಫೋಟೋ ತೆಗೆದಿಡಿ. ತಂತಿ ಯಾವ ಬದಿಯಿಂದ ಬಂದಿತ್ತು, ಎಷ್ಟು ಸುತ್ತು ಇತ್ತು ಅನ್ನುವುದು ಪಕ್ಕದ ಪಿನ್ ನೋಡಿದರೆ ಗೊತ್ತಾಗುತ್ತದೆ.

“ಹಂಗೇ ಬಿಟ್ರ ನಡೀತೈತೇನ್ರೀ?”

ಕೆಲವು ತಿಂಗಳು ನಡೆಯುತ್ತದೆ. ಒಂದು ತಂತಿಯ ಎಳೆತ ತಪ್ಪಿದರೆ ಚೌಕಟ್ಟಿಗೆ ಏನೂ ಆಗುವುದಿಲ್ಲ. ಆದರೆ ಮೊಂಡಿಗೆ ತುಕ್ಕು ಜಾಸ್ತಿಯಾದಷ್ಟೂ ತೆಗೆಯುವುದು ಕಷ್ಟ. ಮೇ ತಿಂಗಳಲ್ಲಿ ಮುರಿದರೆ ಮಳೆ ಹಿಡಿಯುವ ಮುಂಚೆ ತೆಗೆಸಿ.

## ಮೊಂಡನ್ನು ತೆಗೆಯುವುದು

“ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಟ್ರೆ ಸಲೀಸಾಗಿ ಬರುತ್ತಲ್ವಾ?”

ಬೇಡ. ಸ್ಪ್ರೇ ಬೇಡ, ಸೀಮೆಎಣ್ಣೆ ಬೇಡ, ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಈ ಒಂದು ಉತ್ತರವನ್ನು ಮಾತ್ರ ಓದಿ ಉಳಿದದ್ದು ಬಿಟ್ಟರೂ ನನಗೆ ಸಮಾಧಾನ.

ಸೈಕಲ್ಲಿನ ನಟ್ಟಿಗೆ ಎಣ್ಣೆ ಹಾಕಿದರೆ ಒಳ್ಳೆಯದು, ಅದು ಕಬ್ಬಿಣದೊಳಗೆ ಕಬ್ಬಿಣ. ಇಲ್ಲಿ ಕಬ್ಬಿಣ ಕೂತಿರುವುದು ಮರದಲ್ಲಿ. ಮರ ಎಣ್ಣೆಯನ್ನು ಬತ್ತಿಯ ಹಾಗೆ ಎಳೆದುಕೊಳ್ಳುತ್ತದೆ. ಹಲಗೆ ಪದರ ಪದರವಾಗಿರುವುದರಿಂದ ಎಣ್ಣೆ ಒಂದು ತೂತಿನಿಂದ ಪಕ್ಕದ ತೂತಿಗೂ ಹರಿದು ಹೋಗುತ್ತದೆ. ಪಿನ್ ನಿಲ್ಲುವುದೇ ಒಣ ಮರದ ಹಿಡಿತದಿಂದ ಅಂತ ಮೇಲೆ ಹೇಳಿದೆನಲ್ಲ, ಆ ಹಿಡಿತವೇ ಹೋಗುತ್ತದೆ.

ಒಂದು ಶಾಲೆಯಲ್ಲಿ ನನ್ನನ್ನು ಕರೆದಾಗ ಮೊಂಡು ಬೆರಳಿನಷ್ಟೇ ಜೋರಿಗೆ ತಿರುಗಿ ಬಂತು. ಯಾರೋ ಮೊದಲೇ ಎಣ್ಣೆ ಬಿಟ್ಟಿದ್ದರು. ತೆಗೆದ ಪಿನ್ನು ಕಪ್ಪಗೆ ಜಿಡ್ಡಾಗಿತ್ತು, ಮೂಗಿಗೆ ಹಿಡಿದರೆ ಗ್ಯಾರೇಜಿನ ವಾಸನೆ. ಹೊಸ ಪಿನ್, ಅದಕ್ಕಿಂತ ದಪ್ಪದ ಪಿನ್, ಯಾವುದೂ ಅಲ್ಲಿ ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಸುತ್ತಲಿನ ಐದು ಪಿನ್ನುಗಳೂ ಜಾರತೊಡಗಿದವು. ಅಂಟು ಹಾಕಿ ಸರಿ ಮಾಡೋಣ ಅಂದರೆ ಎಣ್ಣೆ ಕುಡಿದ ಮರಕ್ಕೆ ಅಂಟೂ ಹಿಡಿಯುವುದಿಲ್ಲ. ಕೊನೆಗೆ ಆರೂ ತೂತು ಕೊರೆದು ಹೊಸ ಮರ ತುಂಬಬೇಕಾಯಿತು.

“ಸ್ವಲ್ಪ ಮೇಲೆ ಚಾಚಿಕೊಂಡಿದೆ. ಇಕ್ಕಳ ಹಾಕಿ ತಿರುಗಿಸ್ಲಾ?”

ಸಾದಾ ಇಕ್ಕಳ ಜಾರುತ್ತದೆ. ಜಾರಿದ ಒಂದೊಂದು ಸಲಕ್ಕೂ ಮೊಂಡು ಇನ್ನಷ್ಟು ನುಣ್ಣಗಾಗುತ್ತದೆ. ಬೇಕಾದ್ದು ಲಾಕ್ ಆಗುವ ಇಕ್ಕಳ. ಹಾರ್ಡ್‌ವೇರ್ ಅಂಗಡಿಯಲ್ಲಿ ವೈಸ್ ಗ್ರಿಪ್ ಅಂದರೆ ಕೊಡುತ್ತಾರೆ. ಕನಿಷ್ಠ 8–10 ಮಿ.ಮೀ. ಮೊಂಡು ಮೇಲಿದ್ದರೆ ಇದರಿಂದ ಆಗುತ್ತದೆ.

ಮೊದಲು ಸುತ್ತಲಿನ ತಂತಿಗಳ ಮೇಲೆ ದಪ್ಪ ಬಟ್ಟೆ ಹಾಸಿ. ಕೆಳಗಿನ ಹ್ಯಾಮರುಗಳ, ಅಂದರೆ ತಂತಿಗೆ ಬಡಿಯುವ ಸುತ್ತಿಗೆಗಳ, ಮೇಲೂ ಹಾಸಿ. ಈಗ ಸಣ್ಣ ಅರ ತೆಗೆದುಕೊಂಡು ಮೊಂಡಿನ ಎರಡು ಎದುರು ಬದುರು ಬದಿಯನ್ನು ತುಸು ಚಪ್ಪಟೆ ಮಾಡಿ, ಇಕ್ಕಳದ ಹಲ್ಲು ಕೂರುವಷ್ಟು. ಉದುರುವ ಕಬ್ಬಿಣದ ಪುಡಿಯನ್ನು ಆಗಾಗ ಅಯಸ್ಕಾಂತದಿಂದ ಎತ್ತುತ್ತಿರಿ. ಆ ಪುಡಿ ತಂತಿಯ ಸದ್ದು ನಿಲ್ಲಿಸುವ ಡ್ಯಾಂಪರಿನ ಉಣ್ಣೆಗೆ ಅಂಟಿಕೊಂಡರೆ ತಂತಿ ಮುಟ್ಟಿದಾಗಲೆಲ್ಲ ಸದ್ದು ಕೊಡುತ್ತದೆ. ಹುಡುಕಿ ತೆಗೆಯಲು ಅರ್ಧ ದಿನ ಬೇಕು.

ಇಕ್ಕಳವನ್ನು ಪಿನ್ನಿಗೆ ಅಡ್ಡಲಾಗಿ, ಸಾಧ್ಯವಾದಷ್ಟು ಕೆಳಗೆ ಕಚ್ಚಿಸಿ. ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ಎಡಕ್ಕೆ, ಕಾಲು ಸುತ್ತು ತಿರುಗಿಸಿ. ನಿಲ್ಲಿಸಿ. ಬಿಟ್ಟು ಮತ್ತೆ ಹಿಡಿಯಿರಿ. ಮೊದಲ ಕಾಲು ಸುತ್ತಿಗೆ ‘ಕಟ್’ ಅಂತ ಸದ್ದು ಬರಬಹುದು. ಅದು ತುಕ್ಕಿನ ಹಿಡಿತ ಬಿಟ್ಟ ಸದ್ದು, ಹೆದರಬೇಡಿ. ಮೇಲಕ್ಕೆ ಎಳೆಯಬೇಡಿ, ಪಕ್ಕಕ್ಕೆ ಅಲ್ಲಾಡಿಸಬೇಡಿ, ಬೀಡಿನ ಚೌಕಟ್ಟಿನ ಮೇಲೆ ಇಕ್ಕಳ ಊರಿ ಮೀಟಬೇಡಿ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ತಿರುಗಿಸುತ್ತಾ ಹೋದರೆ ಥ್ರೆಡ್ಡು ತಾನೇ ಪಿನ್ನನ್ನು ಮೇಲೆ ತರುತ್ತದೆ.

“ಎಕ್ಸ್‌ಟ್ರಾಕ್ಟರ್ ಅಂತಾರಲ್ಲ, ಅದು ಹೇಗೆ ಕೆಲಸ ಮಾಡುತ್ತೆ? ಬೆಳಗಾವಿಯಲ್ಲಿ ಸಿಗುತ್ತಾ?”

ನನ್ನ ಚೀಲದಲ್ಲಿ ಅತಿ ಹೆಚ್ಚು ಪ್ರೀತಿಯ ಸಾಮಾನು ಇದು. ನೋಡಲು ಒಂದು ದಪ್ಪ ಉಕ್ಕಿನ ಕೊಳವೆ. ಒಂದು ತುದಿಯಲ್ಲಿ ತೂತು. ತೂತು ಒಳಗೆ ಹೋದಂತೆ ಕಿರಿದಾಗುತ್ತದೆ, ಅದರ ಒಳಗೋಡೆಗೆ ಉಲ್ಟಾ ಥ್ರೆಡ್ ಇದೆ. ಇನ್ನೊಂದು ತುದಿಗೆ ಅಡ್ಡ ಹಿಡಿ ಹಾಕುತ್ತೇವೆ.

ಉಲ್ಟಾ ಥ್ರೆಡ್ ಯಾಕೆ ಅಂದರೆ, ಪಿನ್ ಹೊರಬರಬೇಕಾದರೆ ಎಡಕ್ಕೆ ತಿರುಗಬೇಕು. ಈ ಕೊಳವೆಯನ್ನು ಮೊಂಡಿನ ಮೇಲೆ ಇಟ್ಟು, ಮೇಲೆ ಸುತ್ತಿಗೆಯಿಂದ ಒಂದೆರಡು ಸಣ್ಣ ಏಟು ಕೊಟ್ಟು, ಎಡಕ್ಕೆ ತಿರುಗಿಸಿದರೆ ಅದರ ಥ್ರೆಡ್ಡು ಮೊಂಡಿನ ಉಕ್ಕನ್ನು ಕೊರೆಯುತ್ತಾ ಕೆಳಗಿಳಿಯುತ್ತದೆ. ಇಳಿದಷ್ಟೂ ಬಿಗಿ. ಇನ್ನು ಇಳಿಯಲು ಜಾಗ ಇಲ್ಲ ಅಂದಾಗ ಪಿನ್ನೇ ತಿರುಗಲು ಶುರುವಾಗುತ್ತದೆ. ಕೈಗೆ ಆ ಬದಲಾವಣೆ ಚೆನ್ನಾಗಿ ಗೊತ್ತಾಗುತ್ತದೆ. ಕರಕರ ಅಂತ ಕೊರೆಯುತ್ತಿದ್ದದ್ದು ನಿಂತು, ಭಾರವಾದ ಬಾಗಿಲು ಸರಿದ ಹಾಗೆ ನುಣ್ಣಗೆ ಸರಿಯುತ್ತದೆ. 4–5 ಮಿ.ಮೀ. ಮೊಂಡು ಇದ್ದರೂ ಸಾಕು.

ಊರಿನ ಸಂಗೀತ ಸಾಮಾನಿನ ಅಂಗಡಿಯಲ್ಲಿ ಇದನ್ನು ನಾನು ಕಂಡಿಲ್ಲ. ಆದರೆ ಬೆಳಗಾವಿ ಲೇಥಿನ ಊರು. ಮುಂದೆ ಕಿರ್ಲೋಸ್ಕರ್ ಕೈಗಾರಿಕೆಗಳನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟದ್ದು ಇಲ್ಲೇ. ಇವತ್ತಿಗೂ ಉದ್ಯಮಬಾಗದಲ್ಲಿ ಫೌಂಡ್ರಿ, ಮಷಿನ್ ಶಾಪ್ ಸಾಲುಸಾಲಾಗಿವೆ. ನನ್ನದನ್ನು ಅಲ್ಲೇ ಮಾಡಿಸಿದೆ. ಟರ್ನರ್ ಹುಡುಗ ಚಿತ್ರ ನೋಡಿ, “ಕಾಕಾ, ಒಳಗ ಟೇಪರ್, ಮ್ಯಾಲೆ ಉಲ್ಟಾ ಥ್ರೆಡ್. ಇದೇನ್ ಬೋಲ್ಟ್ ತಗಿಯಾಕೇನ್ರೀ?” ಅಂದ. “ಬೋಲ್ಟ್ ಅಲ್ಲಪ್ಪಾ, ಪಿಯಾನೊದ ಬಿರಡೆ” ಅಂದೆ. ಎರಡನೇ ಸಲಕ್ಕೆ ಸರಿ ಬಂತು. ಮೊದಲನೆಯದಕ್ಕೆ ಹಾರ್ಡನಿಂಗ್, ಅಂದರೆ ಉಕ್ಕನ್ನು ಕಾಯಿಸಿ ಗಡಸು ಮಾಡುವ ಕೆಲಸ, ಮಾಡಿಸಿರಲಿಲ್ಲ. ಮೆತ್ತಗಿನ ಥ್ರೆಡ್ಡು ಮೊದಲ ಪಿನ್ನಿಗೇ ಉಜ್ಜಿ ಹೋಯಿತು.

ನೀವು ಮಾಡಿಸುವುದಾದರೆ ಮೂರು ವಿಷಯ ಹೇಳಿ. ತೂತಿನ ಬಾಯಿ ಪಿನ್ನಿಗಿಂತ ಕೂದಲೆಳೆ ದೊಡ್ಡದು, ಒಳಗೆ ಪಿನ್ನಿಗಿಂತ ಅರ್ಧ ಮಿ.ಮೀ. ಚಿಕ್ಕದು. ಕೊಳವೆಯ ಹೊರ ದಪ್ಪ ನಿಮ್ಮ ಪಿಯಾನೊದ ಅಕ್ಕಪಕ್ಕದ ಪಿನ್ನುಗಳ ನಡುವೆ ಇಳಿಯುವಷ್ಟೇ ಇರಲಿ, ಅದನ್ನು ಮೊದಲೇ ಅಳೆದುಕೊಂಡು ಹೋಗಿ. ಥ್ರೆಡ್ ಹಾಕಿದ ಮೇಲೆ ಹಾರ್ಡನಿಂಗ್ ಬಿಡಬಾರದು.

“ಮೊಂಡಿನ ತಲೆಗೆ ಗೀರು ಕೊರೆದು ಸ್ಕ್ರೂ ಡ್ರೈವರ್ ಹಾಕಿದ್ರೆ?”

ಸಡಿಲ ಪಿನ್ನಿಗೆ ಆಗಬಹುದು. ಆರೋಗ್ಯವಾಗಿರುವ ಪಿನ್ ತಿರುಗಿಸಲು 9ರಿಂದ 13 ನ್ಯೂಟನ್ ಮೀಟರ್ ಜೋರು ಬೇಕು. ತುಕ್ಕು ಹಿಡಿದದ್ದಕ್ಕೆ ಇನ್ನೂ ಜಾಸ್ತಿ. ಗೀರಿನ ಎರಡು ತುಟಿ ಅದನ್ನು ತಾಳದೆ ಒಡೆಯುತ್ತವೆ. ಆಮೇಲೆ ಎಕ್ಸ್‌ಟ್ರಾಕ್ಟರ್ ಕಚ್ಚಲು ದುಂಡಗಿನ ಮೊಂಡೂ ಉಳಿಯುವುದಿಲ್ಲ. ನಾನು ಮಾಡುವುದಿಲ್ಲ.

“ಕೈ ನೋವು ಬರ್ತದೆ. ಡ್ರಿಲ್ ಮಷಿನ್ ರಿವರ್ಸ್ ಹಾಕಿ ಸರ್ರ್ ಅಂತ ತೆಗೀಬಹುದಲ್ಲ?”

ಜೋರಾಗಿ ತಿರುಗಿದ ಪಿನ್ ಬಿಸಿಯಾಗುತ್ತದೆ. ಬಿಸಿ ಪಿನ್ ತೂತಿನ ಗೋಡೆಯನ್ನು ಸುಟ್ಟು ಗಾಜಿನ ಹಾಗೆ ನುಣ್ಣಗೆ ಮಾಡುತ್ತದೆ. ನುಣ್ಣಗಾದ ಗೋಡೆಗೆ ಹೊಸ ಪಿನ್ ಜಾರುತ್ತದೆ, ಇಲ್ಲವೇ ಹಿಡಿದು ಹಿಡಿದು ಬಿಡುತ್ತದೆ. ಕೈಯಲ್ಲೇ ತೆಗೆಯಿರಿ. ಎರಡು ಸುತ್ತಿಗೊಮ್ಮೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಒಂದು ಚಹಾ ಕುಡಿದು ಬನ್ನಿ.

## ಹೊಸ ಪಿನ್, ಹಳೇ ತಂತಿ

“ಹೊಸ ಪಿನ್ ಯಾವ ಸೈಜು ತರಿಸ್ಲಿ?”

ತೆಗೆದ ಪಿನ್ನನ್ನು ವರ್ನಿಯರ್ ಅಥವಾ ಮೈಕ್ರೋಮೀಟರಿನಲ್ಲಿ ಥ್ರೆಡ್ ಇರುವ ಕಡೆ ಅಳೆಯಿರಿ. ಸ್ಕೇಲಿನಲ್ಲಿ ಅಳೆದರೆ ಪ್ರಯೋಜನ ಇಲ್ಲ. ಒಂದು ಸೈಜಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಬರೀ 0.1 ಮಿ.ಮೀ. ಆಸುಪಾಸು. 1/0 ಅಂದರೆ ಸುಮಾರು 7.0, 2/0 ಅಂದರೆ 7.15, 3/0 ಅಂದರೆ 7.25, 4/0 ಅಂದರೆ 7.4 ಮಿ.ಮೀ. ಹೊಸ ಪಿಯಾನೊಗಳಲ್ಲಿ ಹೆಚ್ಚಾಗಿ 1/0 ಅಥವಾ 2/0 ಇರುತ್ತದೆ.

ಒಮ್ಮೆ ಪಿನ್ ಹೊರಬಂದರೆ ತೂತು ತುಸು ಸವೆದಿರುತ್ತದೆ. ಹಾಗಾಗಿ ಒಂದು ಸೈಜು ದಪ್ಪದ್ದು ಹಾಕಬೇಕು. ತೆಗೆಯುವಾಗ ಸಲೀಸಾಗಿ ಬಂದಿದ್ದರೆ ಎರಡು ಸೈಜು. ಅದಕ್ಕಿಂತ ದಪ್ಪ ಬೇಡ. ಹಲಗೆ ಸೀಳಿದರೆ ಆ ಸೀಳು ಸಾಲಾಗಿ ಪಕ್ಕದ ತೂತುಗಳಿಗೂ ಹೋಗುತ್ತದೆ. ಉದ್ದ ಹಳೆಯದರಷ್ಟೇ ಇರಲಿ.

“ಹಳೇ ತಂತೀನೇ ಮತ್ತೆ ಹಾಕಬಹುದಾ?”

ಬಾಸ್ ಭಾಗದ, ತಾಮ್ರ ಸುತ್ತಿದ ತಂತಿ ಆದರೆ ಅದನ್ನೇ ಉಳಿಸಿಕೊಳ್ಳಿ. ಅಂಥ ತಂತಿಯನ್ನು ಆ ಪಿಯಾನೊದ ಆ ಸ್ವರಕ್ಕೆಂದೇ ಮಾಡಿರುತ್ತಾರೆ, ಬದಲಿ ಮಾಡಿಸಲು ಮಾದರಿ ಕಳಿಸಿ ಕಾಯಬೇಕು. ಸುರುಳಿಯನ್ನು ಬಿಚ್ಚಿ ನೆಟ್ಟಗೆ ಮಾಡಬೇಡಿ. ಮಣಿದ ಉಕ್ಕನ್ನು ಮತ್ತೆ ನೆಟ್ಟಗೆ ಮಾಡಿದರೆ ಅಲ್ಲೇ ತುಂಡಾಗುತ್ತದೆ. ಇದ್ದ ಸುರುಳಿಯನ್ನೇ ಹೊಸ ಪಿನ್ನಿನ ಮೇಲೆ ಇಳಿಸಿ, ಬಾಗಿದ ತುದಿಯನ್ನು ಕಣ್ಣಿಗೆ ಸೇರಿಸಿ, ಆಮೇಲೆ ಪಿನ್ನನ್ನು ಕೂರಿಸಿ.

ನಡುವಿನ ಮತ್ತು ಮೇಲಿನ ಸಾದಾ ತಂತಿಗಳಲ್ಲಿ ಒಂದು ಸೂಕ್ಷ್ಮ ಇದೆ. ಅಲ್ಲಿ ಒಂದೇ ತಂತಿ ಒಂದು ಪಿನ್ನಿನಿಂದ ಕೆಳಗೆ ಹೋಗಿ, ಕೊಕ್ಕೆಯ ಪಿನ್ ಸುತ್ತಿ, ಪಕ್ಕದ ಪಿನ್ನಿಗೆ ವಾಪಸ್ ಬರುತ್ತದೆ. ಒಂದು ಪಿನ್ ಮುರಿದಾಗ ಎರಡು ತಂತಿ ಸಡಿಲವಾದ ಹಾಗೆ ಕಾಣುವುದು ಇದಕ್ಕೇ. ತಂತಿ ಚೆನ್ನಾಗಿದ್ದರೆ ಅದನ್ನೇ ಹಾಕಿ. ತುಕ್ಕು ಕಂಡರೆ ಹೊಸದು ಹಾಕಿ, ದಪ್ಪ ಮಾತ್ರ ಅದೇ ಇರಬೇಕು. ನಂಬರ್ 13 ಅಂದರೆ 0.775 ಮಿ.ಮೀ., 16 ಅಂದರೆ 0.925. ಅರ್ಧ ನಂಬರಿಗೆ 0.025 ಮಿ.ಮೀ. ವ್ಯತ್ಯಾಸ. ಕಣ್ಣಿಗೆ ಕಾಣದಿದ್ದರೂ ಕಿವಿಗೆ ಗೊತ್ತಾಗುತ್ತದೆ. ಸಿತಾರ್ ತಂತಿ, ಗಿಟಾರ್ ತಂತಿ ಇಲ್ಲಿ ಆಗುವುದಿಲ್ಲ.

“ಸುತ್ತಿಗೆಯಿಂದ ಬಡಿದು ಕೂರಿಸ್ಲಾ, ಇಲ್ಲಾ ತಿರುಗಿಸಿ ಕೂರಿಸ್ಲಾ?”

ನಿಂತ ಪಿಯಾನೊದಲ್ಲಿ ಹಲಗೆಯ ಬೆನ್ನಿಗೆ ದಪ್ಪ ಮರದ ಆಸರೆ ಇರುತ್ತದೆ. ಅಲ್ಲಿ ಪಿನ್ನಿನ ತಲೆಗೆ ಪಂಚ್ ಇಟ್ಟು ಬಡಿಯಬಹುದು. ಗ್ರಾಂಡ್ ಪಿಯಾನೊದಲ್ಲಿ ಹಲಗೆಯ ಕೆಳಗೆ ಖಾಲಿ. ಅಲ್ಲಿ ಕೀಗಳ ಜೋಡಣೆಯನ್ನು ಹೊರಗೆಳೆದು, ಆ ಜಾಗದಲ್ಲಿ ಜಾಕ್ ಇಟ್ಟು ಹಲಗೆಗೆ ಕೆಳಗಿನಿಂದ ಆಸರೆ ಕೊಡದೆ ಒಂದು ಏಟೂ ಹಾಕಬಾರದು. ಪಿನ್ನಿನ ಥ್ರೆಡ್ಡಿಗೆ ಬರಿಗೈ ಬೆವರು ತಾಗಬಾರದು, ಬಟ್ಟೆಯಲ್ಲಿ ಹಿಡಿಯಿರಿ. ಸುರುಳಿ ಮತ್ತು ಚೌಕಟ್ಟಿನ ನಡುವೆ ಎಷ್ಟು ಜಾಗ ಬಿಡಬೇಕು ಅನ್ನುವುದಕ್ಕೆ ಪಕ್ಕದ ಪಿನ್ನುಗಳೇ ಅಳತೆ.

“ಹಾಕಿದ ಮೂರೇ ದಿನಕ್ಕೆ ಸ್ವರ ಇಳೀತು. ಪಿನ್ ಜಾರ್ತಾ ಇದೆಯಾ?”

ಹೊಸ ತಂತಿ ಆದರೆ ಅದು ಹಿಗ್ಗುತ್ತಿದೆ, ಪಿನ್ ಜಾರುತ್ತಿಲ್ಲ. ಮೊದಲ ವಾರ ದಿನ ಬಿಟ್ಟು ದಿನ ಏರಿಸಬೇಕು. ಆಮೇಲೆ ತಿಂಗಳಿಗೊಮ್ಮೆ, ಹೀಗೆ ಕೆಲವು ತಿಂಗಳು. ನಿಜಕ್ಕೂ ಜಾರುತ್ತಿದ್ದರೆ ಗೊತ್ತು ಮಾಡಿಕೊಳ್ಳುವುದು ಸುಲಭ. ಪಿನ್ನಿನ ತಲೆಯಿಂದ ಚೌಕಟ್ಟಿನವರೆಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆಯಿರಿ. ಸ್ವರ ಇಳಿದರೂ ಗೀಟು ಕೂಡಿಯೇ ಇದ್ದರೆ ತಂತಿಯ ಕೆಲಸ, ಗೀಟು ಸರಿದಿದ್ದರೆ ಪಿನ್ನಿನದು.

## ಕಷ್ಟದ ಸಂದರ್ಭಗಳು

“ಚೌಕಟ್ಟಿನ ಮಟ್ಟಕ್ಕೇ ಮುರಿದಿದೆ. ಹಿಡಿಯೋಕೆ ಏನೂ ಇಲ್ಲ.”

ತುಂಬಾ ಪಿಯಾನೊಗಳಲ್ಲಿ ಪಿನ್ನು ಬೀಡಿನ ಚೌಕಟ್ಟನ್ನು ದಾಟುವ ಜಾಗದಲ್ಲಿ ಸುತ್ತ ಒಂದು ಮರದ ಬುಷ್ ಇರುತ್ತದೆ. ಟಾರ್ಚ್ ಹಾಕಿ ನೋಡಿದರೆ ಪಿನ್ನಿನ ಸುತ್ತ ಮರದ ಬಳೆ ಕಾಣುತ್ತದೆ. ಅದನ್ನು ಕಿರಿದಾದ ಉಳಿಯಿಂದ ಚೂರು ಚೂರಾಗಿ ಎಬ್ಬಿಸಿ ತೆಗೆಯಿರಿ. ಆಗ ಚೌಕಟ್ಟಿನ ದಪ್ಪದಷ್ಟು, ಅಂದರೆ ಒಂದು ಸೆಂಟಿಮೀಟರಿನ ಆಸುಪಾಸು, ಪಿನ್ ಬರಿದಾಗುತ್ತದೆ. ಆ ಜಾಗದಲ್ಲಿ ಇಳಿಯುವ ಹಾಗೆ ಹೊರಗಿನಿಂದ ಸಣ್ಣ ಮಾಡಿದ ಎಕ್ಸ್‌ಟ್ರಾಕ್ಟರ್ ನನ್ನ ಹತ್ತಿರ ಬೇರೆಯೇ ಇದೆ. ಪಿನ್ ಬಂದ ಮೇಲೆ ಹೊಸ ಬುಷ್ ಬಡಿದು, ಹಲಗೆಯ ತೂತಿಗೆ ಸರಿಯಾಗಿ ಕೊರೆದು, ಹೊಸ ಪಿನ್ ಹಾಕುವುದು.

ಹಳೇ ಪಿಯಾನೊ ಕೆಲವದರಲ್ಲಿ ಚೌಕಟ್ಟು ಪಿನ್ನಿನ ತನಕ ಬರುವುದೇ ಇಲ್ಲ, ಹಲಗೆ ಬಯಲಾಗಿ ಕಾಣುತ್ತದೆ. ಅಲ್ಲಿ ಬುಷ್ ಇಲ್ಲ. ಮುಂದಿನ ಉತ್ತರ ನೋಡಿ.

“ಹಲಗೆಯ ಒಳಗೇ ತುಂಡಾಗಿ ಕೂತಿದೆ. ಈಗೇನು?”

ಎರಡು ದಾರಿ.

ಮೊದಲನೆಯದು ಉಲ್ಟಾ ಡ್ರಿಲ್ ಬಿಟ್, ಎಡಕ್ಕೆ ತಿರುಗಿದಾಗ ಕೊರೆಯುವಂಥದ್ದು. ಕೋಬಾಲ್ಟ್ ಸೇರಿದ್ದು ತೆಗೆದುಕೊಳ್ಳಿ. ಮೊಂಡಿನ ನಟ್ಟನಡುವೆ ಪಂಚ್ ಹಾಕಿ ಗುರುತು ಮಾಡಿ, 3 ಮಿ.ಮೀ. ಬಿಟ್ಟಿನಿಂದ ತುಂಬಾ ನಿಧಾನದ ವೇಗದಲ್ಲಿ ಶುರು ಮಾಡಿ. ಬಿಟ್ಟು ಕೊರೆಯುತ್ತಾ ಕೊರೆಯುತ್ತಾ ಒಮ್ಮೆ ಕಚ್ಚಿಕೊಂಡು ಪಿನ್ನನ್ನೇ ತಿರುಗಿಸಿ ಹೊರತರುವುದು ಉಂಟು. ಹಾಗೆ ಬಂದರೆ ತೂತು ಉಳಿದ ಹಾಗೆ. ಗುರುತು ನಡುವಿನಿಂದ ಸರಿದರೆ ಮಾತ್ರ ಬಿಟ್ಟು ಮೆತ್ತಗಿನ ಮರದ ಕಡೆಗೆ ಜಾರುತ್ತದೆ. ಹಾಗೆ ಆಗುತ್ತಿದೆ ಅನಿಸಿದ ಕೂಡಲೇ ನಿಲ್ಲಿಸಿ.

ಎರಡನೆಯದು ಪಿನ್ನಿನ ಸುತ್ತಲಿನ ಮರವನ್ನೇ ಕೊರೆದು ತೆಗೆಯುವುದು. ಬಾಯಿಗೆ ಹಲ್ಲಿರುವ ತೆಳು ಕೊಳವೆಯನ್ನು ಪಿನ್ನಿನ ಮೇಲೆ ಕೂರಿಸಿ ತಿರುಗಿಸಿದರೆ, ಪಿನ್ನು ತನ್ನ ಸುತ್ತ ಮರದ ಅಂಗಿ ಹಾಕಿಕೊಂಡು ಹೊರಬರುತ್ತದೆ. ತೂತು ಈಗ ದೊಡ್ಡದು. ಅದಕ್ಕೆ ಮರದ ಬೆಣೆ ಅಂಟಿಸಿ, ಪೂರ್ತಿ ಒಂದು ದಿನ ಒಣಗಲು ಬಿಟ್ಟು, ಹೊಸದಾಗಿ ಕೊರೆಯಬೇಕು.

ಬೆಣೆಯ ಬಗ್ಗೆ ನಿಂತು ಹೇಳಬೇಕು, ಹೆಚ್ಚು ಜನ ತಪ್ಪುವುದು ಇಲ್ಲೇ. ಅಂಗಡಿಯ ದುಂಡು ಕಡ್ಡಿ ಹಾಕಬೇಡಿ. ಅದರಲ್ಲಿ ಮರದ ಎಳೆ ಉದ್ದಕ್ಕೆ ಹೋಗಿರುತ್ತದೆ, ಪಿನ್ನು ಎಳೆಯ ಜೊತೆಗೇ ಇಳಿದು ಹಿಡಿತ ಸಿಗುವುದಿಲ್ಲ. ಹಲಗೆಯಲ್ಲಿ ಇರುವ ಹಾಗೆ ಎಳೆ ಪಿನ್ನಿಗೆ ಅಡ್ಡ ಬರಬೇಕು. ಗಟ್ಟಿ ಮರದ ತೆಳು ಪದರಗಳನ್ನು ಅಡ್ಡಡ್ಡ ಅಂಟಿಸಿ, ಆ ತುಂಡಿನಿಂದ ಬೆಣೆ ಕೊರೆದುಕೊಳ್ಳಿ. ಖಾನಾಪುರದ ಕಡೆ ತೇಗ ಸಿಗುತ್ತದೆ ಅಂತ ಅದನ್ನು ಹಾಕಿಸಿದ್ದವರನ್ನು ನೋಡಿದ್ದೇನೆ. ತೇಗ ಒಳ್ಳೇ ಮರ, ಆದರೆ ಅದರಲ್ಲಿ ಎಣ್ಣೆಯಂಶ ಇದೆ. ಬಾಗಿಲಿಗೆ ಒಳ್ಳೆಯದು, ಇಲ್ಲಿಗಲ್ಲ. ಮೇಪಲ್ ಅಥವಾ ಬೀಚ್ ಮರದ ತುಂಡು ತರಿಸಿಕೊಳ್ಳಿ.

ಹೊಸ ತೂತು ಪಿನ್ನಿಗಿಂತ ಸುಮಾರು ಅರ್ಧ ಮಿ.ಮೀ. ಕಿರಿದಾಗಿರಲಿ. ಮೊದಲು ಉಳಿದ ಬೆಣೆಯ ತುಂಡಿನಲ್ಲೇ ಕೊರೆದು ಪಿನ್ ಹಾಕಿ ನೋಡಿ. ಪಿನ್ನುಗಳು ನೆಟ್ಟಗೆ ನಿಂತಿರುವುದಿಲ್ಲ, ತಂತಿಯ ಎಳೆತಕ್ಕೆ ಎದುರಾಗಿ ತುಸು ಹಿಂದಕ್ಕೆ ವಾಲಿರುತ್ತವೆ. ಡ್ರಿಲ್ಲೂ ಅಷ್ಟೇ ವಾಲಬೇಕು.

“ಈಸಿ ಔಟ್ ಹಾಕಿದ್ದೆ. ಅದೂ ಒಳಗೇ ಮುರೀತು.”

ಬೋಲ್ಟ್ ತೆಗೆಯುವ ಈಸಿ ಔಟ್ ತುಂಬಾ ಗಡಸು, ಅದಕ್ಕೇ ಪಟ್ಟನೆ ಮುರಿಯುತ್ತದೆ. ಮುರಿದ ಮೇಲೆ ಅದನ್ನು ಸಾದಾ ಬಿಟ್ಟಿನಿಂದ ಕೊರೆಯಲು ಆಗುವುದಿಲ್ಲ. ಇನ್ನು ಉಳಿದದ್ದು ಸುತ್ತಲಿನ ಮರ ಕೊರೆಯುವ ದಾರಿ ಒಂದೇ. ಮತ್ತೇನೂ ಪ್ರಯತ್ನ ಮಾಡದೆ ಹಾಗೇ ಬಿಟ್ಟು ಅನುಭವ ಇರುವವರನ್ನು ಕರೆಸಿ.

“ಒಂದೇ ವರ್ಷದಾಗ ಮೂರು ಪಿನ್ ಮುರದಾವು. ಎಲ್ಲಾ ಬದಲಿ ಮಾಡ್ಸಬೇಕೇನ್ರೀ?”

ಮೂರೂ ಮುರಿದ ತುಂಡುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಮೂರರಲ್ಲೂ ಕಣ್ಣಿನ ಹತ್ತಿರ ಹಳೇ ಕಂದು ಬಿರುಕು ಇದ್ದರೆ ಉಳಿದ ಪಿನ್ನುಗಳಲ್ಲೂ ಇದೆ ಅಂತಲೇ ತಿಳಿಯಿರಿ. ಆಗ ಒಂದೊಂದಾಗಿ ತೆಗೆಯುತ್ತಾ ಕೂರುವುದಕ್ಕಿಂತ ಪಿನ್ನು ತಂತಿ ಎಲ್ಲ ಒಟ್ಟಿಗೆ ಬದಲಾಯಿಸುವುದು ಪಿಯಾನೊಗೂ ಜೇಬಿಗೂ ಹಗುರ. ಬಿರುಕು ಇಲ್ಲದೆ ಹೊಸದಾಗಿ ಮುರಿದಿದ್ದರೆ ಶ್ರುತಿ ಮಾಡುವವರ ಲಿವರ್ ನೋಡಿ. ಲಿವರಿನ ತುದಿಗೂ ಸೈಜು ಇದೆ, ಹೆಚ್ಚಿನ ಪಿನ್ನುಗಳಿಗೆ ನಂಬರ್ 2 ಹೊಂದುತ್ತದೆ. ಅದು ಸವೆದು ಸಡಿಲವಾಗಿದ್ದರೆ ಪಿನ್ನಿನ ಮೇಲೆ ಅಲುಗಾಡುತ್ತಾ ಬಗ್ಗಿಸುತ್ತದೆ.

“ನಮ್ಮದು ವಿಜಯಪುರ. ಬೆಳಗಾವಿಯವರಿಂದ ತಂದ ಪಿಯಾನೊ. ಅಲ್ಲಿ ಪಿನ್ ಮುರೀತಿತ್ತಂತೆ, ಇಲ್ಲಿ ಜಾರ್ತಾವೆ. ಯಾಕೆ?”

ಒಂದೇ ಹಲಗೆಗೆ ಎರಡು ಊರಿನ ಹವೆ. ಬೆಳಗಾವಿಗೆ ಘಟ್ಟದ ಮಳೆ ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ತೇವ ಕುಡಿದು ಊದುತ್ತದೆ. ತೂತು ಕಿರಿದಾಗಿ ಪಿನ್ನನ್ನು ಹಿಚುಕುತ್ತದೆ, ಮೇಲೆ ತುಕ್ಕೂ ಹಿಡಿಯುತ್ತದೆ. ಅಂಥ ದಿನದಲ್ಲಿ ಜೋರು ಮಾಡಿದರೆ ಪಿನ್ ಮುರಿಯುತ್ತದೆ. ಹಾಗಾಗಿ ಇಲ್ಲಿ ನಾನು ಮೊಂಡು ತೆಗೆಯುವ ಕೆಲಸವನ್ನು ಸಾಧ್ಯವಾದಷ್ಟು ಡಿಸೆಂಬರ್ ಮತ್ತು ಮಾರ್ಚ್ ನಡುವೆ ಇಟ್ಟುಕೊಳ್ಳುತ್ತೇನೆ. ವಿಜಯಪುರ, ಬಾಗಲಕೋಟೆ ಒಣ ಹವೆಯ ಕಡೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಮರ ಒಣಗಿ ಸೊರಗುತ್ತದೆ, ತೂತು ಸಡಿಲ, ಪಿನ್ ಜಾರುತ್ತದೆ.

ಗಾಳಿಯ ತೇವ ಅಳೆಯುವ ಸಣ್ಣ ಡಬ್ಬಿ ಸಿಗುತ್ತದೆ, ಅದನ್ನು ಪಿಯಾನೊದ ಒಳಗೇ ಇಡಿ. ಗಾಳಿಯ ತೇವ ಶೇಕಡಾ 40ರಿಂದ 60ರ ನಡುವೆ ನಿಂತರೆ ಒಳ್ಳೆಯದು. ನಿಮ್ಮಲ್ಲಿ ಬೇಸಿಗೆಯಲ್ಲಿ ಕೋಣೆಯಲ್ಲಿ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಡಿ, ಪಿಯಾನೊದ ಮೇಲಲ್ಲ, ದೂರದ ಮೂಲೆಯಲ್ಲಿ. ಕೂಲರ್ ಗಾಳಿ ನೇರ ಬಡಿಯಬಾರದು. ಈಗಾಗಲೇ ಜಾರುತ್ತಿರುವ ಪಿನ್ನಿಗೆ, ಹಲಗೆ ಎಣ್ಣೆ ಕಂಡಿಲ್ಲದಿದ್ದರೆ, ನೀರಿನಷ್ಟು ತೆಳುವಾದ ಸೈನೊಆಕ್ರಿಲೇಟ್ (ಸೂಪರ್ ಗ್ಲೂ ಜಾತಿಯ) ಅಂಟನ್ನು ಪಿನ್ನಿನ ಬುಡಕ್ಕೆ ಹನಿ ಹನಿಯಾಗಿ ಬಿಡಬಹುದು. ಅದು ತೂತಿನ ಗೋಡೆಗೆ ಇಳಿದು ಮರವನ್ನು ಗಟ್ಟಿ ಮಾಡುತ್ತದೆ, ಪಿನ್ನು ಆಮೇಲೂ ತಿರುಗುತ್ತದೆ. ಕಿಟಕಿ ತೆರೆದಿಡಿ, ಅದರ ಹಬೆ ಕಣ್ಣಿಗೆ ಉರಿ. ನಿಂತ ಪಿಯಾನೊ ಆದರೆ ಅಂಟು ಕೆಳಗೆ ಹರಿದು ಹ್ಯಾಮರಿನ ಮೇಲೆ ಬೀಳದ ಹಾಗೆ ಪಿನ್ನಿನ ಸಾಲಿನ ಕೆಳಗೆ ದಪ್ಪ ಬಟ್ಟೆ ಕಟ್ಟಿ ಶುರು ಮಾಡಿ. ಒಂದು ದಿನ ಬಿಟ್ಟು ಶ್ರುತಿ ಮಾಡಿ.